ಅಲ್ ಐನ್ ಗೋರಿಗಳ ಬಾಗಿಲು ಯಾವ ಕಡೆಗೆ

ಗ್ಲೆನ್ ವೇವರ್ಲಿ

ಒಮಾನ್ ನೋಡಿ ಬಂದು ನಾಲ್ಕು ತಿಂಗಳಾಯಿತು. ಇಲ್ಲಿ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಸಿಕ್ಕವರೆಲ್ಲ "ಟ್ರಿಪ್ ಹೇಗಿತ್ತು?" ಎಂದು ಕೇಳುತ್ತಾರೆ. "ಸೂಪರ್" ಎಂದು ಹೇಳಿ ಫೋನಿನಲ್ಲಿ ಬೆಟ್ಟದ ಫೋಟೋ ತೋರಿಸುತ್ತೇನೆ. ಅವರು "ನಾವೂ ಒಂದ್ಸಲ ಹೋಗ್ಬೇಕು" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆ ಟ್ರಿಪ್ಪಿನಲ್ಲಿ ನಾನು ಮಾಡಿದ ಘನಕಾರ್ಯದ ಅರ್ಧವನ್ನು ಹೆಂಡತಿ ಗೀತಾಗೆ ಮಾತ್ರ ಹೇಳಿದ್ದೇನೆ. ಉಳಿದರ್ಧ ನನ್ನ ಅಕ್ಕನಿಗೆ ಗೊತ್ತು. ಪೂರ್ತಿಯಾಗಿ ಒಂದೇ ಕಡೆ ಹೇಳುತ್ತಿರುವುದು ಇದೇ ಮೊದಲು.

ನಾನು ಇಪ್ಪತ್ತೊಂಬತ್ತು ವರ್ಷ ಮೆಲ್ಬರ್ನ್‌ನ ರೈಲ್ವೆ ಕಾಮಗಾರಿಗಳಲ್ಲಿ ಪ್ಲಾನಿಂಗ್ ಇಂಜಿನಿಯರ್ ಆಗಿದ್ದವನು. ಯಾವ ಕೆಲಸ ಯಾವ ದಿನ ಶುರುವಾಗಿ ಯಾವ ಗಂಟೆಗೆ ಮುಗಿಯಬೇಕು ಎಂದು ಪಟ್ಟಿ ಹಾಕುವುದೇ ನನ್ನ ಉದ್ಯೋಗ. ಹೋದ ವರ್ಷ ನಾನು ರಿಟೈರ್ ಆದೆ, ಪಟ್ಟಿ ಹಾಕುವ ಚಟ ರಿಟೈರ್ ಆಗಲಿಲ್ಲ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮೊದಲು ಗಂಗಾವತಿಯಲ್ಲಿ, ಆಮೇಲೆ ಮೈಸೂರಿನಲ್ಲಿ ಇತಿಹಾಸದ ಲೆಕ್ಚರರ್ ಆಗಿದ್ದಳು. ಭಾವ ಹೋದ ಮೇಲೆ ಸಿಡ್ನಿಗೆ ಬಂದು ಮಗ ಪ್ರಸನ್ನನ ಜೊತೆ ದಿ ಪಾಂಡ್ಸ್ ಬಡಾವಣೆಯಲ್ಲಿದ್ದಾಳೆ. ಗಂಗಾವತಿಯಲ್ಲಿದ್ದಾಗ ಪ್ರತಿ ವರ್ಷ ಹುಡುಗರನ್ನು ಕಟ್ಟಿಕೊಂಡು ಹಿರೇಬೆಣಕಲ್ ಬೆಟ್ಟ ಹತ್ತುತ್ತಿದ್ದಳು. ಅಲ್ಲಿ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಬಹಳ ಹಳೆಯ ಗೋರಿಗಳಿವೆ. ಕೆಲವಕ್ಕೆ ಮುಂದುಗಡೆ ಒಂದು ದುಂಡನೆಯ ಕಿಂಡಿ. ಅಕ್ಕ ದಿಕ್ಸೂಚಿ ಹಿಡಿದು ಯಾವ ಕಿಂಡಿ ಯಾವ ಕಡೆಗಿದೆ ಎಂದು ಹುಡುಗರ ಕೈಲಿ ಬರೆಸುತ್ತಿದ್ದಳಂತೆ. ಸತ್ತವರಿಗೆ ಬಾಗಿಲು ಇಟ್ಟ ಜನ ಅದನ್ನು ಸುಮ್ಮಸುಮ್ಮನೆ ಇಟ್ಟಿರುವುದಿಲ್ಲ ಎನ್ನುವುದು ಅವಳ ನಂಬಿಕೆ. ಲೈಬ್ರರಿಯ ಒಂದು ಪುಸ್ತಕದಲ್ಲಿ ಅರೇಬಿಯಾದ ಬೆಟ್ಟಸಾಲಿನಲ್ಲಿರುವ ಜೇನುಗೂಡಿನಾಕಾರದ ಗೋರಿಗಳ ರೇಖಾಚಿತ್ರ ಅವಳ ಕಣ್ಣಿಗೆ ಬಿದ್ದಿತ್ತು. ಅದನ್ನೇ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಪಾಠ ಮಾಡುತ್ತಿದ್ದಳು. ಬಾಗಿಲು ಯಾವ ಕಡೆಗೆ ಎಂದು ಹುಡುಗರು ಕೇಳಿದರೆ, "ನೋಡ್ಕೊಂಡು ಬಂದು ಹೇಳ್ತೀನಿ" ಎನ್ನುತ್ತಿದ್ದಳಂತೆ.

ನನ್ನ ರಿಟೈರ್‌ಮೆಂಟ್ ಊಟದ ದಿನ ನಾನು ಧಾರಾಳವಾಗಿ, "ಅಕ್ಕ, ಜಗತ್ತಲ್ಲಿ ಎಲ್ಲಿಗೆ ಬೇಕಾದ್ರೂ ಕೇಳು, ಕರ್ಕೊಂಡು ಹೋಗ್ತೀನಿ" ಎಂದೆ. ಅವಳು ಯೋಚನೆಯನ್ನೇ ಮಾಡದೆ ಅಲ್ ಐನ್ ಎಂದಳು. ಒಮಾನ್ ದೇಶದ ಒಂದು ಹಳ್ಳಿ. ನನಗೆ ಹೆಸರೇ ಗೊತ್ತಿರಲಿಲ್ಲ. ಅವಳು ಕೇಳಿದ್ದು ಅದೊಂದೇ ಊರು. ಉಳಿದ ಊರುಗಳನ್ನೆಲ್ಲ ಪಟ್ಟಿಗೆ ಸೇರಿಸಿದವನು ನಾನು.

ಮಸ್ಕತ್

ಆಸ್ಟ್ರೇಲಿಯಾದಲ್ಲಿ ಇದ್ದು ಇದ್ದು ನಮಗೆಲ್ಲ ಒಂದು ರೋಗ ಹತ್ತಿದೆ. ಏರ್‌ಪೋರ್ಟ್ ಕಂಡರೆ ಸಾಕು, ಬ್ಯಾಗಿನಲ್ಲಿರುವುದನ್ನೆಲ್ಲ ಡಿಕ್ಲೇರ್ ಮಾಡಬೇಕು ಅನ್ನಿಸುತ್ತದೆ. ಸಿಡ್ನಿಯಲ್ಲಿ ಒಮ್ಮೆ ಅಕ್ಕನ ಕರಿಬೇವು ಕಸದ ಡಬ್ಬಿ ಸೇರಿದ ಮೇಲಂತೂ ಅವಳು ಹರಿಶ್ಚಂದ್ರನ ವಂಶಕ್ಕೆ ಸೇರಿಬಿಟ್ಟಿದ್ದಾಳೆ. ಮಸ್ಕತ್‌ನಲ್ಲಿ ಎಲ್ಲರೂ ತಮ್ಮ ಪಾಡಿಗೆ ತಾವು ಹೊರಗೆ ಹೋಗುತ್ತಿದ್ದರೆ ಇವಳು ಬಿಳಿ ಜುಬ್ಬಾ ತೊಟ್ಟ ಅಧಿಕಾರಿಯೊಬ್ಬರನ್ನು ತಡೆದು ಚಟ್ನಿಪುಡಿಯ ಡಬ್ಬಿ ತೆರೆದು ತೋರಿಸಿದಳು. ಅವರು ಮೂಗಿನ ಹತ್ತಿರ ತಂದು, ಎರಡು ಸಲ ಸೀನಿ, ಎದೆಯ ಮೇಲೆ ಕೈಯಿಟ್ಟು "ವೆಲ್‌ಕಮ್, ಮದರ್" ಎಂದರು.

ಹೊರಗೆ ಖಲ್ಫಾನ್ ಕಾಯುತ್ತಿದ್ದರು. ನಾಲ್ಕು ದಿನಕ್ಕೆ ನಮ್ಮ ಡ್ರೈವರ್ ಕೂಡ ಅವರೇ, ಗೈಡ್ ಕೂಡ ಅವರೇ. ಐವತ್ತೈದರ ಆಸುಪಾಸಿನ ವಯಸ್ಸು, ತಲೆಗೆ ಕಸೂತಿಯ ಟೋಪಿ, ಬಾಯಲ್ಲಿ ಅಚ್ಚುಕಟ್ಟಾದ ಹಿಂದಿ. ನನ್ನ ಹಿಂದಿ ಮೆಲ್ಬರ್ನ್‌ನ ಪಂಜಾಬಿ ಟ್ಯಾಕ್ಸಿಯವರ ಜೊತೆ ಕಲಿತದ್ದು. ಅಕ್ಕನದು ಹಿಂದಿ ಪರೀಕ್ಷೆ ಕಟ್ಟಿ ಪಾಸಾದ ಹಿಂದಿ. ಹಾಗಾಗಿ ಕಾರಿನಲ್ಲಿ ಅವರಿಬ್ಬರದೇ ಮಾತು. ನಾನು ಮುಂದಿನ ಸೀಟಿನಲ್ಲಿ ಪಟ್ಟಿಯನ್ನು ಗಡಿಯಾರದ ಜೊತೆ ತಾಳೆ ನೋಡುತ್ತಾ ಕೂತಿದ್ದೆ.

ನಿಜ್ವಾ

ನಿಜ್ವಾದ ಹಳೆ ಪೇಟೆಯಲ್ಲಿ ಖಲ್ಫಾನ್ ತಮ್ಮ ಪರಿಚಯದ ಖರ್ಜೂರದ ಅಂಗಡಿಗೆ ಕರೆದುಕೊಂಡು ಹೋದರು. ನೆಲದ ಮೇಲೆ ಜಮಖಾನ, ಮಧ್ಯೆ ಖರ್ಜೂರದ ತಟ್ಟೆ. ಅಂಗಡಿಯ ಮುದುಕರು ಹಿಡಿಯಿಲ್ಲದ ಪುಟ್ಟ ಕಪ್ಪಿಗೆ ಏಲಕ್ಕಿ ಹಾಕಿದ ತೆಳು ಕಾಫಿ ಬಗ್ಗಿಸಿದರು. ಕುಡಿದು ಕೆಳಗಿಟ್ಟೆ. ಮತ್ತೆ ಬಗ್ಗಿಸಿದರು. ಬೇಡವೆಂದರೆ ಅವಮಾನವಾದೀತೆಂದು ಕುಡಿದೆ. ಹೀಗೆ ಏಳೋ ಎಂಟೋ ಕಪ್ಪು ಆಯಿತು. ಎದೆ ಡವಡವ ಹೊಡೆದುಕೊಳ್ಳಲು ಶುರುವಾದಾಗ ಖಲ್ಫಾನ್ ನಗು ತಡೆಯಲಾರದೆ ಗುಟ್ಟು ಹೇಳಿದರು. ಕಪ್ಪನ್ನು ಕೆಳಗಿಟ್ಟರೆ ಇನ್ನೂ ಬೇಕು ಎಂದರ್ಥವಂತೆ. ಖಾಲಿ ಕಪ್ಪನ್ನು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಕೊಟ್ಟರೆ ಸಾಕು ಎಂದರ್ಥ. ಆಮೇಲೆ ಯಾರೂ ಒತ್ತಾಯ ಮಾಡುವುದಿಲ್ಲ.

"ಎಷ್ಟು ಸುಲಭ ನೋಡೋ" ಎಂದಳು ಅಕ್ಕ. "ನಮ್ಮಲ್ಲಿ ಇಂಥದ್ದೊಂದು ಇಲ್ಲ. ಬೇಡ ಅಂದ್ರೂ ಬಡಿಸ್ತಾರೆ, ಎಲೆ ಮೇಲೆ ಅಡ್ಡ ಬಿದ್ರೂ ಬಡಿಸ್ತಾರೆ." ಅವಳು ಮೂರನೆಯ ಕಪ್ಪು ಮುಗಿಸಿ ಇಲ್ಲಿಯೇ ಹುಟ್ಟಿ ಬೆಳೆದವಳಂತೆ ಅಲ್ಲಾಡಿಸಿ ಕೊಟ್ಟಳು. ಮುದುಕರಿಗೆ ಖುಷಿಯಾಯಿತು. ಅಂಥದ್ದೇ ಆರು ಕಪ್ಪು ಕೊಂಡಳು.

ಅವಳ ಮಾತಿನಿಂದ ನನಗೆ ಹಳೆಯದೊಂದು ನೆನಪಾಯಿತು. ನಾನು ಚಿಕ್ಕವನಿದ್ದಾಗ ಯಾರ ಮನೆಗೆ ಹೋಗುವಾಗಲೂ ಅಕ್ಕ ನನ್ನ ಕಿವಿ ಹಿಡಿದು, "ಮೂರು ಸಲ ಹೇಳೋವರ್ಗೂ ತಟ್ಟೆಗೆ ಕೈ ಹಾಕ್ಬೇಡ" ಎಂದು ಪಾಠ ಹೇಳಿಯೇ ಕರೆದುಕೊಂಡು ಹೋಗುತ್ತಿದ್ದಳು. ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲ ಹೇಳಿದರೆ ತಗೋಬೇಕು. ಈ ಪಾಠ ಹೊತ್ತುಕೊಂಡು ನಾನು ಮೆಲ್ಬರ್ನ್‌ಗೆ ಬಂದೆ. ಮೊದಲ ತಿಂಗಳು ಪಕ್ಕದ ಮನೆಯವರು ಊಟಕ್ಕೆ ಕರೆದರು. "ಪಾಸ್ತಾ ಹಾಕಲಾ?" ಎಂದರು. ನಾನು ಮರ್ಯಾದೆಗೆ "ನೋ ಥ್ಯಾಂಕ್ಸ್" ಎಂದೆ. "ನೋ ವರೀಸ್" ಎಂದು ಪಾತ್ರೆಯನ್ನು ಒಳಗೆ ತಗೊಂಡು ಹೋದರು. ಆ ರಾತ್ರಿ ಮನೆಗೆ ಬಂದು ಮೊಸರನ್ನ ತಿಂದೆ. ಅವತ್ತೇ ತೀರ್ಮಾನ ಮಾಡಿದೆ, ಈ ದೇಶದಲ್ಲಿ ಒಂದೇ ಸಲ ಕೇಳುತ್ತಾರೆ, ಒಂದೇ ಸಲ ಹೇಳಬೇಕು. ಮೂವತ್ತು ವರ್ಷದಲ್ಲಿ ಅದು ನನಗೆ ಎಷ್ಟು ಚೆನ್ನಾಗಿ ರೂಢಿಯಾಯಿತು ಎಂದರೆ, ಬೇರೆಯವರು ಬೇಡ ಎಂದರೆ ನನಗೆ ಬೇಡ ಎಂದಷ್ಟೇ ಕೇಳಿಸುತ್ತದೆ.

ಬಹ್ಲಾ

ಮಾರನೆಯ ದಿನದ ಪಟ್ಟಿ ಹೀಗಿತ್ತು. ಬೆಳಿಗ್ಗೆ ಬಹ್ಲಾ ಕೋಟೆ, ಮಧ್ಯಾಹ್ನ ಅಲ್ ಐನ್, ಕತ್ತಲಾಗುವುದರೊಳಗೆ ಜೆಬೆಲ್ ಶಮ್ಸ್ ಬೆಟ್ಟದ ಮೇಲಿನ ವಸತಿ. ಬೆಟ್ಟದ ರಸ್ತೆ ಕಡಿದಾಗಿದೆ, ಕತ್ತಲೆಯಲ್ಲಿ ಹತ್ತಬಾರದು ಎಂದು ಎಲ್ಲೋ ಓದಿದ್ದೆ. ಅದನ್ನೇ ಭಗವದ್ಗೀತೆ ಮಾಡಿಕೊಂಡಿದ್ದೆ.

ಬಹ್ಲಾ ಕೋಟೆ ಮಣ್ಣಿನದು. ಮಣ್ಣಿನ ಇಟ್ಟಿಗೆಯಲ್ಲೇ ಅಷ್ಟು ಎತ್ತರದ ಗೋಡೆ, ಬುರುಜುಗಳನ್ನು ಎಬ್ಬಿಸಿದ್ದಾರೆ. ನಾನು ಒಂದು ಗಂಟೆ ಇಟ್ಟಿದ್ದೆ. ಅಕ್ಕನಿಗೆ ಮೊದಲನೇ ಬಾಗಿಲು ದಾಟುವುದಕ್ಕೇ ಅರ್ಧ ಗಂಟೆ ಬೇಕಾಯಿತು. ಗೋಡೆಯಲ್ಲಿ ಸಿಕ್ಕಿಕೊಂಡಿದ್ದ ಹುಲ್ಲಿನ ಕಡ್ಡಿ ನೋಡಿ ನಿಂತಳು. "ನಮ್ಮೂರ ಕಡೆ ಗೋಡೆಗೆ ಮಣ್ಣು ಕಲಸೋವಾಗ ಹೀಗೇ ಹುಲ್ಲು ತುಳೀತಿದ್ರು ಕಣೋ" ಎಂದಳು. ಮೆಟ್ಟಿಲಿನ ಹತ್ತಿರ ನಿಂತಳು. ನೀರಿನ ಬಾವಿಯ ಹತ್ತಿರ ನಿಂತಳು. ಖಲ್ಫಾನ್ ಹೇಳಿದ್ದನ್ನು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಎರಡೂವರೆ ಗಂಟೆಯಾಯಿತು. ಮೇಲಿನ ಬುರುಜಿನಲ್ಲಿ ಮತ್ತೊಂದು ಕಿಟಕಿಯ ಮುಂದೆ ಅವಳು ಕೋಲೂರಿ ನಿಂತಾಗ ನನ್ನ ತಾಳ್ಮೆ ಕೆಟ್ಟಿತು.

"ಅಕ್ಕ, ಹೀಗೆ ಒಂದೊಂದು ಕಲ್ಲಿನ ಯೋಗಕ್ಷೇಮ ವಿಚಾರಿಸ್ತಾ ನಿಂತ್ರೆ ಆಗಲ್ಲ. ನಿನ್ನಿಂದ ಎಲ್ಲಾ ಲೇಟು. ಇಲ್ಲಿ ನಾನೊಬ್ಬ ಎಷ್ಟೂಂತ ಅಡ್ಜಸ್ಟ್ ಮಾಡ್ಲಿ?"

ಅವಳು ನನ್ನ ಮುಖ ನೋಡಿದಳು. ನೋಟ್‌ಬುಕ್ ಮುಚ್ಚಿ ಬ್ಯಾಗಿಗೆ ಹಾಕಿದಳು. "ನಡಿ, ಹೋಗೋಣ" ಎಂದಳು. ಇಳಿಯುವಾಗ ಎಲ್ಲೂ ನಿಲ್ಲಲಿಲ್ಲ. ನನಗೆ ಆಗ ಅನ್ನಿಸಿದ್ದು ಸದ್ಯ ಅರ್ಥವಾಯಿತಲ್ಲ ಎಂದು. ಎಪ್ಪತ್ತನಾಲ್ಕು ವರ್ಷದ ಹೆಂಗಸಿಗೆ, ಅದೂ ನನ್ನನ್ನು ಎತ್ತಿ ಆಡಿಸಿದವಳಿಗೆ, ಹೊರಗಿನ ಒಬ್ಬರ ಮುಂದೆ ಹಾಗೆ ಹೇಳಿದೆನಲ್ಲ ಎಂದು ಅನ್ನಿಸಿದ್ದು ಬಹಳ ತಡವಾಗಿ.

ಅಲ್ ಐನ್

ನಾವು ತಲುಪಿದಾಗ ಮೂರು ಗಂಟೆಯಾಗುತ್ತಿತ್ತು, ಸೂರ್ಯ ವಾಲಿದ್ದ. ಖಲ್ಫಾನ್ ಮಸೀದಿಯ ಹತ್ತಿರ ಕಾರು ನಿಲ್ಲಿಸಿದರು. ಎದುರಿಗೆ ಒಣಗಿದ ಹೊಳೆಯ ಪಾತ್ರ, ಅದರಾಚೆ ಖರ್ಜೂರದ ತೋಟ, ತೋಟದ ಮೇಲೆ ಒಂದು ಉದ್ದನೆಯ ದಿಬ್ಬ. ದಿಬ್ಬದ ನೆತ್ತಿಯ ಮೇಲೆ ಗೋರಿಗಳು ಸಾಲಾಗಿ ನಿಂತಿದ್ದವು. ಜಗಲಿಯ ಮೇಲೆ ದೊಡ್ಡದು ಚಿಕ್ಕದು ಎನ್ನದೆ ಸೇರು, ಪಾವುಗಳನ್ನು ಬೋರಲು ಹಾಕಿದ ಹಾಗೆ. ಹಿಂದೆ ಜೆಬೆಲ್ ಮಿಶ್ತ್ ಎನ್ನುವ ಪರ್ವತ ಗೋಡೆಯಂತೆ ಎದ್ದಿತ್ತು, ಇಳಿಬಿಸಿಲಿಗೆ ಹೊಳೆಯುತ್ತಿತ್ತು.

ಅಕ್ಕ ಗಾಜು ಇಳಿಸಿ ನೋಡುತ್ತಾ ಕೂತಳು. ದಾರಿಯಲ್ಲೇ ಚಪ್ಪಲಿ ಬಿಚ್ಚಿ ಶೂ ಹಾಕಿಕೊಂಡು ಲೇಸು ಬಿಗಿಯಾಗಿ ಕಟ್ಟಿದ್ದಳು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದಳು. ನಾನು ಅದನ್ನು ನೋಡಿದೆ. ನೋಡಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

"ಅಕ್ಕ, ಬರ್ತೀಯಾ? ಹೊಳೆ ದಾಟಿ ಹತ್ಬೇಕು. ಇಪ್ಪತ್ತು ನಿಮಿಷ ಅಂತಾರೆ, ನಿಂಗೆ ಜಾಸ್ತಿ ಆಗತ್ತೆ" ಎಂದು ಗಡಿಯಾರ ನೋಡಿದೆ.

"ಬೇಡ ಬಿಡೋ. ನೀನು ಹೋಗ್ಬಾ. ನಾನು ಇಲ್ಲಿಂದ್ಲೇ ನೋಡ್ತೀನಿ."

"ಸರಿ. ಮುಕ್ಕಾಲು ಗಂಟೇಲಿ ಬಂದ್ಬಿಡ್ತೀನಿ" ಎಂದೆ. ಹೊರಟೆ.

ಅಷ್ಟೇ. ಎರಡನೇ ಸಲ ಕೇಳಲಿಲ್ಲ.

ಹೊಳೆಯ ಕಲ್ಲುಗಳ ಮೇಲೆ ಸರಸರ ದಾಟಿದೆ. ತೋಟದ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು, ಅದರ ಪಕ್ಕ ಹಾದು ದಿಬ್ಬ ಹತ್ತಿದೆ. ದಾರಿ ನಾನು ಹೆದರಿಸಿದಷ್ಟು ಕಷ್ಟದ್ದಾಗಿರಲಿಲ್ಲ. ತೋಳು ಹಿಡಿದುಕೊಳ್ಳಲು ಒಬ್ಬರಿದ್ದು, ಅಲ್ಲಲ್ಲಿ ಕೂರಿಸಿ ಎಬ್ಬಿಸಿದ್ದರೆ ಮುಕ್ಕಾಲು ಗಂಟೆಯಲ್ಲಿ ಅಕ್ಕ ಹತ್ತುತ್ತಿದ್ದಳು. ಮೇಲೆ ಗಾಳಿ ಜೋರಾಗಿತ್ತು. ಗಾರೆಯಿಲ್ಲದೆ, ಬರೀ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಸಾವಿರಾರು ವರ್ಷ ಬೀಳದ ಹಾಗೆ ಕಟ್ಟಿದ್ದರು. ಅಲ್ಲಿ ನಾನೊಬ್ಬನೇ ಇದ್ದೆ. ರಸ್ತೆಯ ಕಡೆಯ ಮಗ್ಗುಲಿಗೆ ಬಿಸಿಲು ಬಿದ್ದಿತ್ತು, ಫೋಟೋ ಚೆನ್ನಾಗಿ ಬರುತ್ತದೆಂದು ಆ ಕಡೆಯಿಂದಲೇ ತೆಗೆಯುತ್ತಾ ಹೋದೆ. ಒಂದು ಸಲ ಕೆಳಗೆ ನೋಡಿದೆ. ಬಿಳಿ ಕಾರು, ಅದರ ಪಕ್ಕದಲ್ಲಿ ಅಕ್ಕನ ನೀಲಿ ಸ್ವೆಟರ್. ಇಳಿದು ನಿಂತಿದ್ದಳು. ಕೈ ಬೀಸಿದೆ. ಅವಳೂ ಕೋಲು ಎತ್ತಿ ಆಡಿಸಿದಳು.

ಹೇಳಿದ ಹಾಗೆ ಮುಕ್ಕಾಲು ಗಂಟೆಗೆ ಸರಿಯಾಗಿ ಕಾರಿಗೆ ಬಂದೆ. ಅದರ ಬಗ್ಗೆ ಹೆಮ್ಮೆಯೂ ಇತ್ತು. ಅಕ್ಕ ನೋಟ್‌ಬುಕ್ ತೆರೆದು ಕೂತಿದ್ದಳು. "ಬಾಗಿಲು ಯಾವ ಕಡೆಗಿತ್ತೋ?" ಎಂದು ಕೇಳಿದಳು.

ನಾನು ಬಾಗಿಲು ನೋಡಿರಲೇ ಇಲ್ಲ. ಗೋರಿಗಳ ಹಿಂದಕ್ಕೆ ಸುತ್ತಿ ಹೋಗುವುದು ತಲೆಗೇ ಬಂದಿರಲಿಲ್ಲ. ನಲವತ್ತು ವರ್ಷದ ಪ್ರಶ್ನೆ ಹೊತ್ತವಳನ್ನು ಕೆಳಗೆ ಕೂರಿಸಿ, ಮೇಲೆ ಹೋಗಿ ಬರೀ ಫೋಟೋ ತೆಗೆದುಕೊಂಡು ಬಂದೆ ಎಂದು ಹೇಳುವುದು ಹೇಗೆ?

"ಈ ಕಡೆಗೇ ಅಕ್ಕ. ರೋಡ್ ಕಡೆಗೆ."

"ಎಲ್ಲದಕ್ಕೂ?"

"ಹೂಂ, ಎಲ್ಲದಕ್ಕೂ."

ಅವಳು ಬರೆದುಕೊಂಡಳು. ಅವಳದು ದುಂಡಗಿನ ಅಕ್ಷರ. ಬರೆದು, ಕೆಳಗೆ ತಾರೀಖು ಹಾಕಿ, ಪಕ್ಕದಲ್ಲಿ ನನ್ನ ಹೆಸರಿಟ್ಟು "ನಾಗು ನೋಡಿದ್ದು" ಎಂದು ಸೇರಿಸಿದಳು. ಆಧಾರ ಯಾವುದು ಎಂದು ಬರೆಯದೆ ಏನನ್ನೂ ಬರೆಯಬಾರದು ಎಂದು ಹುಡುಗರಿಗೆ ಕಲಿಸಿದವಳು ಅವಳು.

ಜೆಬೆಲ್ ಶಮ್ಸ್

ಕತ್ತಲಾಗುವ ಮೊದಲೇ ಬೆಟ್ಟದ ಮೇಲಿದ್ದೆವು. ಪಟ್ಟಿ ಗೆದ್ದಿತ್ತು.

ಬೆಳಿಗ್ಗೆ ಕಮರಿಯ ಅಂಚಿಗೆ ಹೋದೆವು. ಸಿಡ್ನಿಯವರು ಬ್ಲೂ ಮೌಂಟನ್ಸ್ ಅನ್ನು ಬಹಳ ಹೊಗಳಿಕೊಳ್ಳುತ್ತಾರೆ. ಅಲ್ಲಿ ಕಣಿವೆಯ ತುಂಬ ಹಸಿರು ಇರುವುದರಿಂದ ಆಳ ಅಷ್ಟಾಗಿ ಹೆದರಿಸುವುದಿಲ್ಲ. ಇಲ್ಲಿ ಒಂದು ಹುಲ್ಲುಕಡ್ಡಿಯ ಮರೆಯೂ ಇಲ್ಲ. ನೆಲ ಇದ್ದಕ್ಕಿದ್ದ ಹಾಗೆ ಮುಗಿಯುತ್ತದೆ, ಬಹಳ ಕೆಳಗೆ ಇನ್ನೊಂದು ನೆಲ ಶುರುವಾಗುತ್ತದೆ. ಅಕ್ಕ ಶಾಲು ಹೊದ್ದು ಸ್ವಲ್ಪ ದೂರದ ಬಂಡೆಯ ಮೇಲೆ ಕೂತಿದ್ದಳು. ಮುಂದೆ ಬರುತ್ತೀಯಾ ಎಂದು ಯಾರೂ ಕೇಳದಿರಲಿ ಎನ್ನುವ ಹಾಗೆ ಕೂತಿದ್ದಳು.

ಖಲ್ಫಾನ್ ನನ್ನ ಪಕ್ಕಕ್ಕೆ ಬಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು, "ಸಾಬ್, ನಿನ್ನೆ ನೀವು ಹೋದ ಮೇಲೆ ದೀದಿಯನ್ನು ನಾನು ಎರಡು ಸಲ ಕರೆದೆ. ನನ್ನ ಕೈ ಹಿಡಿದುಕೊಳ್ಳಿ, ಹೋಗೋಣ ಎಂದೆ. ಎರಡನೇ ಸಲ ಅವರು ಕಾರಿನಿಂದ ಇಳಿದರು. ಹೊಳೆಯ ತನಕ ಬಂದರು. ಆಮೇಲೆ, ತಮ್ಮ ವಾಪಸ್ ಬರುವ ಹೊತ್ತಾಯಿತು, ನನ್ನಿಂದ ಅವನಿಗೆ ತಡವಾಗುತ್ತದೆ ಎಂದು ತಿರುಗಿಬಿಟ್ಟರು."

"ಬೇಡ ಅಂದರಲ್ಲ" ಎಂದೆ.

"ಎಲ್ಲ ದೊಡ್ಡವರೂ ಮೊದಲು ಬೇಡ ಅಂತಲೇ ಅನ್ನುತ್ತಾರೆ ಸಾಬ್. ನಮ್ಮಲ್ಲಿ ಅವರನ್ನು ಬರುತ್ತೀರಾ ಎಂದು ಕೇಳುವುದಿಲ್ಲ. ತೋಳು ಕೊಡುತ್ತೇವೆ. ನಿಮ್ಮಲ್ಲಿ ಹೇಗೋ ಗೊತ್ತಿಲ್ಲ." ಆಮೇಲೆ ಕಾರಿನ ಕಡೆ ಕೈ ತೋರಿಸಿ, "ಈಗ ಹೊರಟರೂ ಆಗುತ್ತದೆ. ಎರಡು ಗಂಟೆಯ ದಾರಿ. ಮಸ್ಕತ್‌ಗೆ ಸಂಜೆ ಹೋದರಾಯಿತು" ಎಂದರು.

ನಮ್ಮಲ್ಲೂ ಹಾಗೇ ಎಂದು ಅವರಿಗೆ ಹೇಳಬೇಕಿತ್ತು. ಆ ಪಾಠವನ್ನು ನನಗೆ ಕಲಿಸಿದವಳೇ ಅಗೋ ಆ ಬಂಡೆಯ ಮೇಲೆ ಕೂತಿದ್ದಾಳೆ ಎಂದು ಹೇಳಬೇಕಿತ್ತು. ಎರಡು ಗಂಟೆಯ ದಾರಿ ನನಗೆ ದೊಡ್ಡದಾಗಿರಲಿಲ್ಲ. ಮಾರನೆಯ ದಿನದ ತನಕ ವಿಮಾನವೂ ಇರಲಿಲ್ಲ. ಆದರೆ ವಾಪಸ್ ಹೋದರೆ ಅಕ್ಕ ಬಾಗಿಲು ನೋಡುತ್ತಾಳೆ. ನೋಡಿದರೆ ನನ್ನ ಸುಳ್ಳು ಗೊತ್ತಾಗುತ್ತದೆ. ಅಷ್ಟಕ್ಕೆ ಹೆದರಿ ನಾನು, "ಮಸ್ಕತ್‌ನಲ್ಲಿ ಬುಕಿಂಗ್ ಇದೆ, ಇನ್ನೊಂದು ಸಲ ಬಂದಾಗ ನೋಡೋಣ" ಎಂದುಬಿಟ್ಟೆ. ಬುಕಿಂಗ್ ಏನೂ ಇರಲಿಲ್ಲ, ಸಮುದ್ರದ ದಂಡೆಯಲ್ಲಿ ಒಂದು ವಾಕಿಂಗ್ ಇತ್ತು. ಆ ಸಂಜೆ ದಂಡೆಯ ಮೇಲೆ ಅಕ್ಕನೂ ನಾನೂ ನಡೆದೆವು. ಅವಳು ಸಮುದ್ರ ಚೆನ್ನಾಗಿದೆ ಎಂದಳು. ನನ್ನ ಸಮಾಧಾನಕ್ಕೆಂದು ಹೇಳಿದಳು, ನನಗೆ ಗೊತ್ತು.

ದಿ ಪಾಂಡ್ಸ್

ಎರಡು ತಿಂಗಳ ಮೇಲೆ ಸಿಡ್ನಿಗೆ ಹೋದೆ. ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಆಲ್ಬಮ್ ಮಾಡಿಸಿದ್ದೆ. ಪಾಪ ತೊಳೆದುಕೊಳ್ಳಲು ಜನ ಕಾಶಿಗೆ ಹೋದರೆ ನಾನು ಫೋಟೋ ಅಂಗಡಿಗೆ ಹೋಗಿದ್ದೆ. ಪ್ರಸನ್ನ ನಾರ್ತ್ ಸಿಡ್ನಿಯ ಆಫೀಸಿಗೆ ಹೋಗಿದ್ದ. ಮನೆಯಲ್ಲಿ ಅಕ್ಕ ಮತ್ತು ಹತ್ತನೇ ಕ್ಲಾಸಿನ ಮೊಮ್ಮಗಳು ಅನಘಾ ಇದ್ದರು. ಅಕ್ಕನ ಬಲಮೊಣಕಾಲು ಊದಿಕೊಂಡಿತ್ತು, ಆಪರೇಷನ್‌ಗೆ ಹೆಸರು ಬರೆಸಿದ್ದಾರಂತೆ. ನಿಜ್ವಾದ ಆ ಪುಟ್ಟ ಕಪ್ಪುಗಳಲ್ಲೇ ಫಿಲ್ಟರ್ ಕಾಫಿ ತಂದಿಟ್ಟಳು.

ಭೂತಗನ್ನಡಿ ಹಿಡಿದು ಒಂದೊಂದೇ ಫೋಟೋ ನೋಡಿದಳು. ನಾಲ್ಕನೆಯದರ ಹೊತ್ತಿಗೆ ಅವಳ ಕೈ ನಿಂತಿತು. ಐದನೆಯದನ್ನು ನೋಡಿ ಮತ್ತೆ ನಾಲ್ಕಕ್ಕೆ ಬಂದಳು.

"ನಾಗು, ಇವೆಲ್ಲಾ ರೋಡ್ ಕಡೆಯಿಂದ ತೆಗ್ದಿದ್ದು ತಾನೇ?"

"ಹೌದು."

"ಮತ್ತೆ ಬಾಗಿಲು ಎಲ್ಲಿ?"

ಫೋಟೋದಲ್ಲಿ ಬಿಸಿಲು ಹೊಡೆದ ಇಡೀ ಗೋಡೆಗಳಿದ್ದವು. ಒಂದಕ್ಕೂ ಬಾಗಿಲಿರಲಿಲ್ಲ. ಪ್ರಿಂಟ್ ಹಾಕಿಸುವಾಗಲೂ ನಾನು ಅದನ್ನು ಗಮನಿಸಿರಲಿಲ್ಲ ಎಂದರೆ ನನ್ನ ಕಣ್ಣು ಎಂಥದ್ದು ನೋಡಿ.

"ನಾನು ನೋಡ್ಲಿಲ್ಲ ಅಕ್ಕ. ಸುಳ್ಳು ಹೇಳ್ದೆ" ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಕುಂಟುತ್ತಾ ಒಳಗೆ ಹೋಗಿ ನೋಟ್‌ಬುಕ್ ತಂದಳು. ಆ ಸಾಲನ್ನು ಹುಡುಕಿ, ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ನೋಡಿಲ್ಲ" ಎಂದು ಬರೆದಳು.

ಅನಘಾ ಫೋನ್ ಎತ್ತಿಕೊಂಡು, "ಅಜ್ಜಿ, ಐ ಕೆನ್ ಜಸ್ಟ್ ಲುಕ್ ಇಟ್ ಅಪ್. ಟೂ ಸೆಕೆಂಡ್ಸ್" ಎಂದಳು.

"ಬೇಡ ಪುಟ್ಟಿ. ಅದು ಯಾರೋ ನೋಡಿದ್ದು" ಎಂದಳು ಅಕ್ಕ.

"ಅಕ್ಕ, ಆಪರೇಷನ್ ಆದ್ಮೇಲೆ ಇನ್ನೊಂದ್ಸಲ ಹೋಗೋಣ. ಬರೀ ಅಲ್ ಐನ್. ಬೇರೆ ಎಲ್ಲೂ ಬೇಡ" ಎಂದೆ.

"ಬೇಡ ಬಿಡೋ."

ಈ ಸಲ ನಾನು ಬಿಡಲಿಲ್ಲ. "ಲಿಸ್ಟೂ ಇಲ್ಲ, ಟೈಮೂ ಇಲ್ಲ. ನೀನು ಎಷ್ಟೊತ್ತು ನಿಂತ್ರೆ ಅಷ್ಟೊತ್ತು. ನಾನೇ ಕೈ ಹಿಡ್ಕೊಂಡು ಹತ್ತಿಸ್ತೀನಿ."

"ಅಷ್ಟು ದೂರ ಯಾಕೋ ಮತ್ತೆ. ನಿಂಗೂ ತೊಂದ್ರೆ."

ಇದು ಎರಡನೆಯದು. ನನಗೆ ಆಸೆ ಹುಟ್ಟಿತು. ಲೆಕ್ಕ ಸರಿಯಾಗಿಯೇ ಹೋಗುತ್ತಿತ್ತು. ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು ಮೂರನೇ ಸಲ ಕೇಳಿದೆ, "ಅಕ್ಕ, ಬಾ. ನನಗೋಸ್ಕರ ಬಾ."

ಅವಳು ನನ್ನನ್ನೇ ನೋಡಿದಳು. ಮುಖದಲ್ಲಿ ಕೋಪವಿರಲಿಲ್ಲ. ಕಪ್ಪಿನಲ್ಲಿ ಉಳಿದಿದ್ದ ಕಾಫಿಯನ್ನು ಕುಡಿದು ಮುಗಿಸಿದಳು. ಆಮೇಲೆ ಖಾಲಿ ಕಪ್ಪನ್ನು ಬೆರಳಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿ ನನ್ನ ಕೈಗೆ ಕೊಟ್ಟಳು.